ಒಂದು ಲಕ್ಷದ ಗೆರೆ

ಉರಿಮೂತ್ರವೆಂದು ಯೂರಿನ್ ಕಲ್ಚರ್ ಮಾಡಿಸಿದವರಲ್ಲಿ ಅನೇಕರು ರಿಪೋರ್ಟಿನಲ್ಲಿ ಒಂದು ಸಂಖ್ಯೆ ನೋಡಿರುತ್ತಾರೆ: ಮಿಲಿಲೀಟರಿಗೆ ಒಂದು ಲಕ್ಷ. ಅಷ್ಟು ಬ್ಯಾಕ್ಟೀರಿಯಾ ಬೆಳೆದರೆ ಸೋಂಕು ಎಂಬುದು ದಶಕಗಳ ಕಾಲ ನಡೆದುಬಂದ ಲೆಕ್ಕ. ಈ ಗೆರೆ ಎಳೆದವರು ಬಾಸ್ಟನ್ನಿನ ವೈದ್ಯ ಎಡ್ವರ್ಡ್ ಕಾಸ್, 1956ರಲ್ಲಿ.

ಸೋಂಕಿಗೆ ಬಹುಪಾಲು ಕಾರಣ ಇ. ಕೋಲಿ ಎಂಬುದು ಆ ಹೊತ್ತಿಗೆ ಗೊತ್ತಿತ್ತು. 1885ರಲ್ಲಿ ಥಿಯೋಡರ್ ಎಶೆರಿಕ್ ಹಸುಗೂಸುಗಳ ಮಲದಲ್ಲಿ ಗುರುತಿಸಿದ ಬ್ಯಾಕ್ಟೀರಿಯಾ ಅದು. ಕರುಳಿನಲ್ಲಿ ತನ್ನ ಪಾಡಿಗೆ ಇರುವ ಇದು ಮೂತ್ರದ್ವಾರದ ಮೂಲಕ ಮೇಲೇರಿ ಮೂತ್ರಕೋಶದ ಗೋಡೆಗೆ ಅಂಟಿಕೊಂಡರೆ ಉರಿ ಶುರುವಾಗುತ್ತದೆ. ಹೆಂಗಸರಲ್ಲಿ ಈ ದಾರಿಯ ಉದ್ದ ಸುಮಾರು 4 ಸೆಂಟಿಮೀಟರ್ ಮಾತ್ರ. ಅವರಿಗೇ ಹೆಚ್ಚು ಕಾಡುವುದು ಅದಕ್ಕೇ ಹೊರತು ಕೊಳಕಿನಿಂದಲ್ಲ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ತೊಡಕಿದ್ದದ್ದು ಪರೀಕ್ಷೆಯಲ್ಲಿ. ಮೂತ್ರ ಹೊರಬರುವಾಗ ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳೂ ಸೇರಿಬಿಡುತ್ತವೆ. ಕ್ಯಾತಿಟರ್ ಹಾಕಿ ತೆಗೆದರೆ ಅದರಿಂದಲೇ ಸೋಂಕು ತಗಲುವ ಭಯ. ಕಾಸ್ ಎಣಿಸುವ ಹಾದಿ ಹಿಡಿದರು. ಕಿಡ್ನಿಗೆ ಸೋಂಕಾದವರ ಮೂತ್ರದಲ್ಲಿ ಸಾಮಾನ್ಯವಾಗಿ ಲಕ್ಷಕ್ಕೂ ಮಿಗಿಲು, ಹೊರಗಿನಿಂದ ಸೇರಿದ್ದಾದರೆ ಅದಕ್ಕಿಂತ ಬಹಳ ಕಡಿಮೆ. ನೋವು, ಉರಿ ಏನೂ ಇಲ್ಲದವರಲ್ಲಿ ಅಡಗಿದ್ದ ಸೋಂಕನ್ನು ಹುಡುಕಲು ಈ ಗೆರೆ ಬಹಳ ನೆರವಾಯಿತು. ಗರ್ಭಿಣಿಯರಲ್ಲಿ ಅದನ್ನು ಗುರುತಿಸಿ ಔಷಧಿ ಕೊಟ್ಟರೆ ಕಿಡ್ನಿ ಸೋಂಕನ್ನು ತಪ್ಪಿಸಬಹುದೆಂದೂ ಕಾಸ್ ತೋರಿಸಿದರು. ದೊಡ್ಡ ಕೆಲಸ ಅದು.

ಆದರೆ ಅದೇ ಗೆರೆಯನ್ನು ಉರಿಯಿಂದ ಒದ್ದಾಡುತ್ತಿದ್ದವರಿಗೂ ಹಾಕಲಾಯಿತು. ಗಳಿಗೆಗೊಮ್ಮೆ ಓಡಬೇಕು, ಹೋದರೆ ನಾಲ್ಕು ಹನಿ, ಕಿಬ್ಬೊಟ್ಟೆಯಲ್ಲಿ ಹಿಂಡುವ ನೋವು. ರಿಪೋರ್ಟಿನಲ್ಲಿ ಮಾತ್ರ ಸೋಂಕಿಲ್ಲ! ಅಂಥವರಿಗೆ 'ಯುರೆತ್ರಲ್ ಸಿಂಡ್ರೋಮ್' ಎಂಬ ಹಣೆಪಟ್ಟಿ ಬಿತ್ತು. ಎಲ್ಲ ಮನಸ್ಸಿನದು ಎಂಬ ಮಾತನ್ನೂ ಕೇಳಬೇಕಾಯಿತು. ಇದು ಅನ್ಯಾಯವೇ ಸರಿ.

1982ರಲ್ಲಿ ಸಿಯಾಟಲ್‌ನ ವಾಲ್ಟರ್ ಸ್ಟ್ಯಾಮ್ ಮತ್ತು ಸಂಗಡಿಗರು ಇಂಥ ಹೆಂಗಸರ ಮೂತ್ರಕೋಶದಿಂದಲೇ ನೇರವಾಗಿ ಮೂತ್ರ ತೆಗೆದು ನೋಡಿದರು. ಅಲ್ಲಿ ಇ. ಕೋಲಿಯಂಥ ಬ್ಯಾಕ್ಟೀರಿಯಾ ಇದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಲಕ್ಷದ ಗೆರೆಯಿಂದ ಕೆಳಗೇ ಉಳಿದಿದ್ದರು. ಉರಿಯಿರುವವರಲ್ಲಿ ಮಿಲಿಲೀಟರಿಗೆ 100 ಇದ್ದರೂ ಸೋಂಕೆಂದು ಎಣಿಸಬಹುದೆಂದು ಅವರು ಬರೆದರು.

ಇದರ ಮತ್ತೊಂದು ಮಗ್ಗುಲೂ ಉಂಟು. ಯಾವ ತೊಂದರೆಯೂ ಇಲ್ಲದ ವಯಸ್ಸಾದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡಿತೆಂದು ಆಂಟಿಬಯೋಟಿಕ್ ಕೊಡುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಆದ್ದರಿಂದ ಪರೀಕ್ಷೆಗೆ ಮೂತ್ರದ ಮೊದಲ ಭಾಗ ಬಿಟ್ಟು ನಡುವಿನದನ್ನು ಹಿಡಿಯಿರಿ, ತಡಮಾಡದೆ ಲ್ಯಾಬಿಗೆ ತಲುಪಿಸಿ. ಬಿಸಿಲಲ್ಲಿಟ್ಟರೆ ಬ್ಯಾಕ್ಟೀರಿಯಾ ಸೀಸೆಯಲ್ಲೇ ಬೆಳೆದು ಲೆಕ್ಕ ಕೆಡುತ್ತದೆ. ರಿಪೋರ್ಟ್ ಏನೇ ಹೇಳಲಿ, ನಿಮಗಾಗುತ್ತಿರುವ ತೊಂದರೆಯನ್ನು ವೈದ್ಯರಿಗೆ ಬಿಡಿಸಿ ಹೇಳಿ. ಚಳಿಜ್ವರ, ವಾಂತಿ, ಪಕ್ಕೆಯ ಹಿಂಭಾಗದಲ್ಲಿ ನೋವು ಬಂದರೆ ಸೋಂಕು ಕಿಡ್ನಿಗೆ ಏರಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ.