ತಾಮ್ರದ ತಗಡಿನ ಸಂತ, ಮಂಗಳೂರಿನ ಚಾವಣಿಯ ಸಂತ

ಸಂತ ಅಲೋಶಿಯಸ್ ಗೊನ್ಜಾಗ (1568–1591) ಯುರೋಪಿನ ಬರೋಕ್ ಕಲಾಶೈಲಿಯ ಕಾಲದ ಅಚ್ಚುಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ತರುಣ. ಇಟಲಿಯ ಕಾಸ್ತಿಲ್ಯೋನೆಯ ಅರಸು ಮನೆತನದ ಹಿರಿಯ ಮಗನಾಗಿದ್ದ ಅವರು ತಮ್ಮನಿಗೆ ಪಟ್ಟ ಬಿಟ್ಟುಕೊಟ್ಟು ಕ್ಯಾಥೊಲಿಕ್ ಧಾರ್ಮಿಕ ಸಂಘವಾದ ಜೆಸ್ವಿಟ್ ಸಭೆ ಸೇರಿದರು. ರೋಮಿನಲ್ಲಿ ಪ್ಲೇಗ್ ಹರಡಿದಾಗ ರೋಗಿಗಳ ಆರೈಕೆಗೆ ನಿಂತು, 23ನೇ ವಯಸ್ಸಿನಲ್ಲೇ ತೀರಿಕೊಂಡರು. 1726ರಲ್ಲಿ ಅವರಿಗೆ ಸಂತ ಪದವಿ ದೊರೆಯಿತು.

ಇಂಥ ಚಿತ್ರಗಳು ಮನೆಮನೆಗೆ ತಲುಪಿದ್ದು ತಾಮ್ರದ ತಗಡಿನ ಅಚ್ಚಿನಿಂದ. ಆಂಟ್‌ವರ್ಪ್‌ನಲ್ಲಿ ವೀರಿಕ್ಸ್ ಸೋದರರು, ಮುಂದೆ ಆಗ್ಸ್‌ಬರ್ಗ್‌ನಲ್ಲಿ ಕ್ಲೌಬರ್ ಸೋದರರು ಈ ಕಸುಬಿಗೆ ಹೆಸರಾದವರು. ನಯಗೊಳಿಸಿದ ತಗಡಿನ ಮೇಲೆ ಚೂಪು ಉಳಿಯಿಂದ ಚಿತ್ರವನ್ನು ಎಡಬಲ ತಿರುವಿ ಕೊರೆಯುತ್ತಿದ್ದರು. ಗೆರೆಗಳಿಗೆ ಮಸಿ ತುಂಬಿ, ಮೇಲ್ಮೈಯನ್ನು ಬಟ್ಟೆಯಿಂದಲೂ ಅಂಗೈಯಿಂದಲೂ ಒರೆಸಿ, ಒದ್ದೆ ಕಾಗದ ಹಾಸಿ ಉರುಳೆಗಳ ನಡುವೆ ತಳ್ಳಿದರೆ ಗೆರೆಯೊಳಗಿನ ಮಸಿ ಕಾಗದಕ್ಕೆ ಏರುತ್ತಿತ್ತು. ತಗಡಿನ ಅಂಚು ಒತ್ತಿದ ಗುರುತು ಕಾಗದದ ಸುತ್ತ ಉಳಿಯುತ್ತದೆ. ಹಳೆಯ ಅಚ್ಚನ್ನು ಪರೀಕ್ಷಿಸುವವರು ಅದನ್ನೂ ನೋಡುತ್ತಾರೆ. ಬಣ್ಣವಿಲ್ಲದ ಈ ಹಾಳೆಯಲ್ಲಿ ಬೆಳಕು ನೆರಳು ಮೂಡುವುದು ಗೆರೆ ದಪ್ಪವಾಗಿ, ತೆಳುವಾಗಿ, ಒಂದರ ಮೇಲೊಂದು ಹಾಯುವುದರಿಂದ. ಅದು ಅಸಾಧಾರಣ ಕೈಚಳಕ.

ಓದು ಬಾರದವರಿಗೂ ಸಂತನ ಗುರುತು ಸಿಗಬೇಕಿತ್ತು. ಕಪ್ಪು ನಿಲುವಂಗಿಯ ಮೇಲೆ ಬಿಳಿ ಮೇಲಂಗಿ, ಕೈಯಲ್ಲಿ ಶಿಲುಬೆ, ಪಾವಿತ್ರ್ಯಕ್ಕೆ ಲಿಲ್ಲಿ ಹೂವು, ತೊರೆದ ಪಟ್ಟಕ್ಕೆ ಬದಿಗಿಟ್ಟ ಕಿರೀಟ, ಸಾವಿನ ನೆನಪಿಗೆ ತಲೆಬುರುಡೆ: ಇಷ್ಟು ಕಂಡರೆ ಅದು ಅಲೋಶಿಯಸ್.

ಕರ್ನಾಟಕದಲ್ಲಿ ಈ ಸಂತನ ಬದುಕು ಚಿತ್ರವಾಗಿರುವುದು ಮಂಗಳೂರಿನಲ್ಲಿ. 1880ರಲ್ಲಿ ಜೆಸ್ವಿಟರು ತೆರೆದ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಇಟಲಿಯ ಬೆರ್ಗಾಮೊ ಬಳಿಯ ಸ್ತೆತ್ಸಾನೊದವರಾದ ಬ್ರದರ್ ಆಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಚಿತ್ರ ಬರೆದರು. ಗೋಡೆ, ಚಾವಣಿಗಳಲ್ಲಿ ಹಸಿ ಗಾರೆಯ ಮೇಲಿನ ಭಿತ್ತಿಚಿತ್ರಗಳೂ ಕ್ಯಾನ್‌ವಾಸ್ ಮೇಲಿನ ತೈಲಚಿತ್ರಗಳೂ ಇವೆ. ಚಾವಣಿಯ ನಡುಸಾಲು ಅಲೋಶಿಯಸರ ಜೀವನಕ್ಕೇ ಮೀಸಲು. ಇಲ್ಲೂ ಕಾಣುವ, ಚಪ್ಪಟೆ ಗೋಡೆಯನ್ನು ಕೆತ್ತಿದ ಕಂಬದಂತೆ ತೋರಿಸುವ ವಿದ್ಯೆಗೆ ರೋಮಿನ ಸಂತ ಇಗ್ನೇಷಿಯಸ್ ಚರ್ಚಿನ ಚಾವಣಿ ಬರೆದ ಆಂದ್ರೆಯಾ ಪೊತ್ಸೊ ದೊಡ್ಡ ಹೆಸರು. ಮೊಸ್ಕೇನಿಯಂತೆ ಅವರೂ ಜೆಸ್ವಿಟ್ ಬ್ರದರ್. ಕಾಲವೇನೋ ಇಪ್ಪತ್ತನೆಯ ಶತಮಾನದ ಹೊಸ್ತಿಲು, ಆದರೆ ಚಾಪೆಲ್‌ನ ಮನಸ್ಸು ಬರೋಕ್‌ನದೇ.

ಮೊಸ್ಕೇನಿ 1905ರಲ್ಲಿ ಕೊಚ್ಚಿಯಲ್ಲಿ ನಿಧನರಾದರು. ಕರಾವಳಿಯ ಮಳೆ, ತೇವಗಳಿಗೆ ನಲುಗಿದ್ದ ಚಿತ್ರಗಳನ್ನು 1990ರ ದಶಕದಲ್ಲಿ ಪರಂಪರೆಯ ರಕ್ಷಣೆಗಾಗಿರುವ ಇನ್‌ಟ್ಯಾಕ್ ಸಂಸ್ಥೆಯ ತಜ್ಞರು ಸಂರಕ್ಷಿಸಿದರು. ಚಾಪೆಲ್‌ಗೆ ಹೋಗುವವರು ಚಾವಣಿಯ ನಡುಸಾಲನ್ನು ಒಂದೊಂದೇ ಚಿತ್ರವಾಗಿ, ಬಿಡುವು ಮಾಡಿಕೊಂಡು ನೋಡಬೇಕು.