ಬಾಡಿಗೆ ಪುಸ್ತಕದ ವಿಮರ್ಶಕರು

ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ತಂದ ಪತ್ತೇದಾರಿ ಕಾದಂಬರಿಯ ಮೊದಲ ಪುಟದಲ್ಲೇ ಯಾರೋ ಪೆನ್ಸಿಲ್ಲಿನಲ್ಲಿ ಗೀಚಿರುತ್ತಿದ್ದರು: ‘ಕೊಂದವನು ಡಾಕ್ಟರು. ಓದಿ ಟೈಮ್ ಹಾಳು ಮಾಡ್ಕೋಬೇಡಿ.’ ಅದರ ಕೆಳಗೆ ಇನ್ನೊಂದು ಕೈಬರಹ: ‘ಸುಳ್ಳು, ಪೂರ್ತಿ ಓದಿ.’ ಪ್ರೇಮ ಕಾದಂಬರಿಯಾದರೆ ಅಂಚಿನ ತುಂಬ ನಿಟ್ಟುಸಿರು. ‘ಪಾಪ’, ‘ಇವಳಿಗೆ ಬುದ್ಧಿ ಇಲ್ವಾ’, ‘ಗಂಡಸರೇ ಇಷ್ಟು’. ಕನ್ನಡದ ಜನಪ್ರಿಯ ಕಾದಂಬರಿಗೆ ಬಹುಕಾಲ ಸಿಕ್ಕ ವಿಮರ್ಶೆಯೆಂದರೆ ಹೆಚ್ಚುಕಡಿಮೆ ಇಷ್ಟೇ. ಪತ್ರಿಕೆಗಳಲ್ಲಿ ಇಂಥ ಪುಸ್ತಕಗಳಿಗೆ ಸಿಗುತ್ತಿದ್ದ ಜಾಗ ‘ಸಾದರ ಸ್ವೀಕಾರ’ದ ಒಂದು ಸಾಲು. ಹೆಸರು, ಲೇಖಕರು, ಪುಟ, ಬೆಲೆ, ಅಲ್ಲಿಗೆ ಮುಗಿಯಿತು.

ಹಾಗಿದ್ದೂ ಕನ್ನಡಕ್ಕೆ ಓದುಗರನ್ನು ತಂದುಕೊಟ್ಟದ್ದು ಈ ಪುಸ್ತಕಗಳೇ. ಹೇಗೆಂದು ನೋಡಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕೆಂಪುನಾರಾಯಣ 1823ರಲ್ಲಿ ಬರೆದ ‘ಮುದ್ರಾಮಂಜೂಷ’ವನ್ನು ಸಾಹಿತ್ಯ ಚರಿತ್ರೆಯ ಪಾಠದಲ್ಲಿ ಹೊಸಗನ್ನಡ ಗದ್ಯದ ಮೊಳಕೆ ಎಂದು ಓದಿಸುತ್ತಾರೆ. ಪಾಠವನ್ನು ಬದಿಗಿಟ್ಟು ನೋಡಿದರೆ ಅದು ಚಾಣಕ್ಯ ಮತ್ತು ಅಮಾತ್ಯ ರಾಕ್ಷಸರ ಗೂಢಚಾರರು, ಕದ್ದ ಮುದ್ರೆಯುಂಗುರ, ವೇಷ ಮರೆಸಿದ ಬೇಹುಗಾರರು ತುಂಬಿದ ಸಂಚಿನ ಕಥೆ. ಕಥೆಯ ಚಟ ನಿಜವಾಗಿ ಹತ್ತಿದ್ದು ಮಾತ್ರ ಬಂಗಾಳದ ದಾರಿಯಿಂದ. ಮೈಸೂರು ಸಂಸ್ಥಾನದ ನ್ಯಾಯಾಂಗ ಇಲಾಖೆಯಲ್ಲಿದ್ದ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರನ್ನು ಸಾಲುಸಾಲಾಗಿ ಕನ್ನಡಕ್ಕೆ ತಂದರು. ಅವರ ‘ದುರ್ಗೇಶನಂದಿನಿ’ ಬಂದದ್ದು 1885ರಲ್ಲಿ. ಬಿರುಗಾಳಿಯ ರಾತ್ರಿ, ದಾರಿತಪ್ಪಿದ ಕುದುರೆ ಸವಾರ, ಶಿವಾಲಯದೊಳಗೆ ಆಸರೆ ಪಡೆದ ಹೆಂಗಸರು. ಮೊದಲ ಅಧ್ಯಾಯದಲ್ಲೇ ಪ್ರೇಮವೂ ಕುತೂಹಲವೂ ಒಟ್ಟಿಗೆ ಕೈಹಿಡಿದು ಎಳೆಯುತ್ತವೆ. ಆ ಹೊತ್ತಿಗೆ ಕನ್ನಡದಲ್ಲಿ ಸ್ವತಂತ್ರ ಸಾಮಾಜಿಕ ಕಾದಂಬರಿಯೇ ಇರಲಿಲ್ಲ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬರುವುದು 1899ಕ್ಕೆ.

ಉತ್ತರ ಕರ್ನಾಟಕದಲ್ಲಿ ಓದುಗರಿಗೆ ಕಥೆಯ ಚಟ ಹತ್ತಿಸಿದವರು ಗಳಗನಾಥರು. ಹಾವೇರಿ ಸೀಮೆಯ ಈ ಶಾಲಾ ಮಾಸ್ತರರು ಹರಿ ನಾರಾಯಣ ಆಪ್ಟೆಯವರ ಮರಾಠಿ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಿಸಿದರು, ವಿಜಯನಗರದ ಹುಟ್ಟನ್ನು ಹೇಳುವ ‘ಮಾಧವ ಕರುಣಾವಿಲಾಸ’ ಬರೆದರು. ಆಮೇಲೆ ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ತಾವೇ ಮಾರಿದರು. ಪುಸ್ತಕ ಕೊಳ್ಳುವ ಅಭ್ಯಾಸವೇ ಇಲ್ಲದ ಮನೆಗಳ ಕಟ್ಟೆಯ ಮೇಲೆ ಕೂತು ಕಥೆ ಹೇಳಿ ಪುಸ್ತಕ ಕೊಡುವವನಿಗೆ ಓದುಗರ ಅಭಿಪ್ರಾಯ ಎದುರೆದುರೇ ಸಿಗುತ್ತದೆ. ಕಥೆ ಎಲ್ಲಿ ಹಿಡಿಯಿತು, ಎಲ್ಲಿ ಆಕಳಿಕೆ ಬಂತು ಎಂಬುದು ಮುಖದಲ್ಲೇ ಕಾಣುತ್ತದೆ. ನಮ್ಮ ಇಂದಿನ ಪ್ರಕಾಶಕರಲ್ಲಿ ಎಷ್ಟು ಜನಕ್ಕೆ ಈ ಭಾಗ್ಯವಿದೆಯೋ ಕಾಣೆ.

ಓದುಗರು ಹೆಚ್ಚಿದ ಮೇಲೆ ಜಗಳಗಳೂ ಹುಟ್ಟಿದವು. 1950ರ ಸುಮಾರಿಗೆ ಅ.ನ.ಕೃ. ವೇಶ್ಯಾ ಸಮಸ್ಯೆಯನ್ನು ಹಿಡಿದು ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಎಂಬ ಮೂರು ಕಾದಂಬರಿ ಬರೆದಾಗ ಅಶ್ಲೀಲವೆಂಬ ಕೂಗೆದ್ದಿತು. ಅವರು ಸುಮ್ಮನಿರಲಿಲ್ಲ, ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಜನಪ್ರಿಯ ಕಾದಂಬರಿಕಾರನೊಬ್ಬ ತನ್ನ ಓದುಗರ ಪರವಾಗಿ ವಿಮರ್ಶೆಯ ಕಟಕಟೆ ಹತ್ತಿದ ಅಪರೂಪದ ಪ್ರಸಂಗವದು. ಆ ಮೂರು ಕಾದಂಬರಿಗಳು ಇಂದು ನನಗೆ ಭಾಷಣದ ಭಾರಕ್ಕೆ ಬಾಗಿದಂತೆ ಕಾಣುತ್ತವೆ. ವಾದದ ಪುಸ್ತಕದಲ್ಲಿರುವ ಬಿಸಿ ಕಥೆಗಳಲ್ಲಿ ಉಳಿದಿಲ್ಲ.

ಪತ್ತೇದಾರಿಯ ವಿಷಯಕ್ಕೆ ಬಂದರೆ ಎನ್. ನರಸಿಂಹಯ್ಯನವರ ಹೆಸರು ಬಿಟ್ಟು ಮುಂದೆ ಹೋಗುವಂತಿಲ್ಲ. ಓದಿದ್ದು ನಾಲ್ಕನೇ ತರಗತಿ, ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ ಇವರೆಲ್ಲ ಒಂದು ಕಾಲದಲ್ಲಿ ಬಸ್ ನಿಲ್ದಾಣದ ಅಂಗಡಿಗಳಲ್ಲಿ, ಹಾಸ್ಟೆಲ್ ಕೋಣೆಗಳಲ್ಲಿ, ಗಿರಣಿ ಕಾರ್ಮಿಕರ ವಠಾರಗಳಲ್ಲಿ ನೆಂಟರಂತೆ ಓಡಾಡಿಕೊಂಡಿದ್ದರು. ಅಕ್ಷರ ಕೂಡಿಸಿ ಓದುವುದನ್ನು ಆಗಷ್ಟೇ ಕಲಿತವನಿಗೂ ಎಡವದ ಸಣ್ಣ ವಾಕ್ಯ, ಒಂದೇ ಸಲ ಕೂತು ಮುಗಿಸಬಹುದಾದ ಗಾತ್ರ, ಅಧ್ಯಾಯದ ಕೊನೆಗೊಂದು ಗುಂಡಿನ ಸದ್ದು. ಸಾಹಿತ್ಯ ಪರಿಷತ್ತಿನ ಹೆಸರು ಕೇಳದವರೂ ಅವರಿಂದ ಕನ್ನಡ ಓದಲು ಕೂತರು. ಕನ್ನಡದ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರು ಕೂಡ ಪತ್ತೇದಾರಿ ಕಾದಂಬರಿಕಾರರೇ ಆಗಿದ್ದರು ಎಂಬುದು ರಾಜ್ಯೋತ್ಸವದ ಭಾಷಣಗಳಲ್ಲಿ ಕೇಳಿಬರುವುದಿಲ್ಲ!

ಗೌರವ ಬೇರೆ, ವಿಮರ್ಶೆ ಬೇರೆ. ನರಸಿಂಹಯ್ಯನವರ ಪತ್ತೇದಾರ ತಲೆಗಿಂತ ಕಾಲನ್ನೇ ಹೆಚ್ಚು ನಂಬುತ್ತಾನೆ. ಹಿಂಬಾಲಿಸುತ್ತಾನೆ, ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾನೆ, ಸಿಕ್ಕಿಬೀಳುತ್ತಾನೆ, ಬಿಡಿಸಿಕೊಳ್ಳುತ್ತಾನೆ. ಓದುಗನ ಮುಂದೆ ಸುಳಿವುಗಳನ್ನು ಹರಡಿ ‘ನೀನೇ ಹೇಳು ನೋಡೋಣ’ ಎಂದು ಸವಾಲು ಹಾಕುವ ಆಟ ಅಲ್ಲಿ ಕಡಿಮೆ. ಅದನ್ನು ಕೊರತೆಯೆಂದು ಬರೆಯಬಹುದಿತ್ತು, ಓಟದ ಗುಣವನ್ನು ಮೆಚ್ಚಿಯೂ ಬರೆಯಬಹುದಿತ್ತು. ಎರಡನ್ನೂ ಮಾಡದೆ, ಓದದೆಯೇ ‘ಅಗ್ಗದ ಸಾಹಿತ್ಯ’ ಎಂದು ಹಣೆಪಟ್ಟಿ ಹಚ್ಚಿ ವಿಮರ್ಶಕರು ಕೈ ತೊಳೆದುಕೊಂಡರು.

ಟಿ.ಕೆ. ರಾಮರಾಯರ ಪಾಡು ಇನ್ನೂ ವಿಚಿತ್ರ. 1972ರ ‘ಬಂಗಾರದ ಮನುಷ್ಯ’ ಚಿತ್ರದ ರಾಜೀವಪ್ಪನನ್ನು ಅರಿಯದ ಕನ್ನಡಿಗರಿಲ್ಲ. ಅದರ ಮೂಲ ಕಾದಂಬರಿ ಬರೆದವರು ಇವರು ಎಂಬುದು ಕೆಲವರಿಗೆ ಗೊತ್ತು. ಅವರ ನಿಜವಾದ ಕಸುಬು ರಹಸ್ಯ ರೋಮಾಂಚನ ಎಂಬುದು ಇನ್ನೂ ಕಡಿಮೆ ಜನಕ್ಕೆ. ಸಿನಿಮಾ ಲೇಖಕನನ್ನು ನುಂಗಿದ ನಿದರ್ಶನಗಳಲ್ಲಿ ಇದೂ ಒಂದು.

ಪ್ರೇಮ ಕಾದಂಬರಿಯ ಕಥೆ ತುಸು ನಿಧಾನವಾಗಿ ಹೇಳಬೇಕಾದದ್ದು. ಬಿ.ಎಂ.ಶ್ರೀ ಮನೆತನದ ಅನಸೂಯಾ ‘ತ್ರಿವೇಣಿ’ ಎಂಬ ಹೆಸರಿನಲ್ಲಿ ಬರೆಯತೊಡಗಿದಾಗ ಕೈಯಲ್ಲಿ ಮನಶ್ಶಾಸ್ತ್ರದ ಪದವಿಯಿತ್ತು. 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮುನ್ನ, ಅವರು ತೀರಿಕೊಂಡರು. ಅಷ್ಟರಲ್ಲಿ ಇಪ್ಪತ್ತಕ್ಕೂ ಮಿಕ್ಕಿ ಕಾದಂಬರಿ ಬರೆದಾಗಿತ್ತು. ‘ಬೆಳ್ಳಿಮೋಡ’ದ ಇಂದಿರೆಗೆ ತಮ್ಮ ಹುಟ್ಟಿದ ಕೂಡಲೇ ಆಸ್ತಿ ಕೈತಪ್ಪುತ್ತದೆ, ಮದುವೆಯಾಗಬೇಕಿದ್ದ ಮೋಹನನ ಮನಸ್ಸು ತಿರುಗುತ್ತದೆ. ಮುಂದೆ ಅವನೇ ಮೆತ್ತಗಾಗಿ ಬಂದು ಕೇಳಿದಾಗ ಅವಳು ಒಲ್ಲೆ ಎನ್ನುತ್ತಾಳೆ. ಎಲ್ಲ ಸರಿಹೋಗಿ ತಾಳಿ ಕಟ್ಟುವಲ್ಲಿಗೆ ಮುಗಿಯಬೇಕಾದ ಕಥೆಯನ್ನು ನಿರಾಕರಣೆಯಲ್ಲಿ ನಿಲ್ಲಿಸಿ, ಅದನ್ನೇ ಮನೆಮನೆಯ ಹೆಣ್ಣುಮಕ್ಕಳು ಮೆಚ್ಚುವಂತೆ ಮಾಡಿದ್ದು ಸಣ್ಣ ಕುಶಲತೆಯಲ್ಲ. ‘ಶರಪಂಜರ’ದ ಕಾವೇರಿಯ ಕಾಯಿಲೆ ಆಸ್ಪತ್ರೆಯಲ್ಲಿ ವಾಸಿಯಾಗುತ್ತದೆ, ಮನೆಯಲ್ಲಿ ಆಗುವುದಿಲ್ಲ. ಅಡ್ಡಿ ಹೊರಗಿನ ಖಳನಿಂದ ಬರುವುದಿಲ್ಲ, ಗಂಡನ ಮೌನದಿಂದ, ನೆರೆಯವರ ಕಣ್ಣಿನಿಂದ ಬರುತ್ತದೆ. ಒಲವಿನ ಕಥೆಗೆ ನಿಜವಾದ ಅಡ್ಡಿಯನ್ನು ಹುಡುಕುವುದೇ ಕಷ್ಟದ ಕೆಲಸ, ತ್ರಿವೇಣಿಗೆ ಅದು ಕರಗತವಾಗಿತ್ತು.

ಅದೇ ಹಾದಿಯಲ್ಲಿ ಬರೆದವರು ಎಂ.ಕೆ. ಇಂದಿರಾ, ವಾಣಿ, ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿ, ಸಾಯಿಸುತೆ. ಇವರಿಗೆ ‘ಅಡುಗೆಮನೆ ಸಾಹಿತ್ಯ’ ಎಂಬ ಬಿರುದು ಕೊಟ್ಟವರು ಅಡುಗೆಮನೆಯಲ್ಲಿ ಎಂದಾದರೂ ನಿಂತಿದ್ದರೋ ಇಲ್ಲವೋ. ಮಧ್ಯವಯಸ್ಸಿನಲ್ಲಿ ಬರೆಯತೊಡಗಿದ ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ 1963ರಲ್ಲಿ ಬಂತು. ಅದೇ ಲೇಖನಿಯಿಂದ 1976ರಲ್ಲಿ ‘ಫಣಿಯಮ್ಮ’ ಬಂದಾಗ ಪಂಡಿತರೂ ತಲೆದೂಗಿದರು. ಓದುಗರು ಮಾತ್ರ ಎರಡನ್ನೂ ಒಂದೇ ಕಪಾಟಿನಿಂದ ಎತ್ತಿಕೊಂಡರು. ಇದೇ ಗುಂಪಿನಲ್ಲಿ ಒಂದೇ ಅಚ್ಚಿನ ಕಾದಂಬರಿಗಳೂ ಬೇಕಾದಷ್ಟಿವೆ ಎಂಬುದನ್ನೂ ಹೇಳಬೇಕು. ಶ್ರೀಮಂತ ಕೋಪಿಷ್ಠ ನಾಯಕ, ಸಹನೆಯೇ ಮೈವೆತ್ತ ಬಡ ನಾಯಕಿ, ಒಂದು ತಪ್ಪುತಿಳಿವಳಿಕೆ, ಒಂದು ಜ್ವರ, ಶುಭಂ. ಯಾರಾದರೂ ಒಂದು ಮಾತು ಆಡಿಬಿಟ್ಟರೆ ಬಗೆಹರಿಯುವ ತಪ್ಪುತಿಳಿವಳಿಕೆಯ ಮೇಲೆ ಇನ್ನೂರು ಪುಟ ಕಟ್ಟಿದ್ದನ್ನು ಓದುವಾಗ ಅಂಚಿನಲ್ಲಿ ಗೀಚಿದ ಆ ಅನಾಮಿಕ ಓದುಗರ ಸಿಟ್ಟು ಅರ್ಥವಾಗುತ್ತದೆ.

ಇವನ್ನೆಲ್ಲ ಹಬ್ಬಿಸಿದ್ದು ಪತ್ರಿಕೆಗಳು. 1965ರಲ್ಲಿ ‘ಸುಧಾ’, 1983ರಲ್ಲಿ ‘ತರಂಗ’. ಹುಬ್ಬಳ್ಳಿಯ ‘ಕಸ್ತೂರಿ’ 1956ರಿಂದಲೇ ತನ್ನ ಪುಸ್ತಕ ವಿಭಾಗದಲ್ಲಿ ದೊಡ್ಡ ಪುಸ್ತಕಗಳನ್ನು ಸಂಗ್ರಹಿಸಿ ಕೊಡುತ್ತಿತ್ತು. ಧಾರಾವಾಹಿಯ ಕಂತಿಗಾಗಿ ಮನೆಯಲ್ಲಿ ಕಿತ್ತಾಟ, ಹಾಳೆ ಕತ್ತರಿಸಿ ಹೊಲಿದು ರಟ್ಟು ಹಾಕಿಸಿದ ಸ್ವಂತ ಕಾದಂಬರಿಗಳು, ನಾಯಕಿಯನ್ನು ಸಾಯಿಸಬೇಡಿ ಎಂದು ಸಂಪಾದಕರಿಗೆ ಬರೆದ ಕಾರ್ಡುಗಳು. ಲೈಬ್ರರಿ ನಡೆಸುತ್ತಿದ್ದವರು ಇವರೆಲ್ಲರಿಗಿಂತ ಒಂದು ಹೆಜ್ಜೆ ಮುಂದೆ. ‘ಅಮ್ಮಾ, ಇದು ನಿಮಗೆ ಆಗಲ್ಲ, ಕೊನೇಲಿ ಮಗು ಹೋಗುತ್ತೆ’ ಎಂದು ಒಂದು ಮನೆಯವರಿಗೆ ಹೇಳಿ, ಅದೇ ಪುಸ್ತಕವನ್ನು ‘ಸಾರ್, ಭಾರೀ ಚೆನ್ನಾಗಿದೆ’ ಎಂದು ಇನ್ನೊಬ್ಬರ ಕೈಗಿಡುತ್ತಿದ್ದರು. ಯಾರಿಗೆ ಯಾವ ಪುಸ್ತಕ ಎಂಬ ತೀರ್ಮಾನಕ್ಕಿಂತ ದೊಡ್ಡ ವಿಮರ್ಶೆ ಇನ್ನೇನಿದೆ?

ಅದ್ಭುತ ಕಥೆಗಳ ಮಟ್ಟಿಗೆ ಕನ್ನಡ ಹಿಂದೆ ಬಿತ್ತು. ಪುರಾಣ, ಯಕ್ಷಗಾನ, ಕಂಪನಿ ನಾಟಕ, ಪೌರಾಣಿಕ ಸಿನಿಮಾ ಇವೆಲ್ಲ ಇದ್ದುದರಿಂದ ಕಾದಂಬರಿಯಿಂದ ಯಾರೂ ಮಾಯಾಲೋಕವನ್ನು ಕೇಳಲಿಲ್ಲವೆಂದು ನನ್ನ ಊಹೆ. ಮಕ್ಕಳಿಗೆ ‘ಚಂದಮಾಮ’ ಇತ್ತು. ಅದರಲ್ಲಿ ತಿಂಗಳುಗಟ್ಟಲೆ ಹರಿದ ಮಾಂತ್ರಿಕರ, ವಿಚಿತ್ರ ಪ್ರಾಣಿಗಳ, ಬೆಂಕಿದ್ವೀಪಗಳ ಸಾಹಸ ಧಾರಾವಾಹಿಗಳನ್ನು ತೆಲುಗಿನಲ್ಲಿ ಬರೆದವರು ದಾಸರಿ ಸುಬ್ರಹ್ಮಣ್ಯಂ. ಹೆಸರು ಅಚ್ಚಾಗದ ಕಾರಣ ಅವನ್ನು ಓದಿ ಬೆಳೆದ ತಲೆಮಾರಿಗೆ ಆ ಲೇಖಕ ಯಾರೆಂದೇ ತಿಳಿಯಲಿಲ್ಲ. ದೊಡ್ಡವರಿಗೆ ಭಯ ಹುಟ್ಟಿಸಿದವರೂ ತೆಲುಗಿನವರೇ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಕನ್ನಡದಲ್ಲಿ ಮನೆಮಾತಾಗಿ 1985ರಲ್ಲಿ ಕನ್ನಡ ಸಿನಿಮಾವೂ ಆಯಿತು. ಮಗುವಿನ ಮೇಲೆ ಮಾಟ ನಡೆದಿದೆಯೋ, ಇಲ್ಲ ಅದು ಮನಸ್ಸಿನ ಕಾಯಿಲೆಯೋ? ಒಂದು ಕಡೆ ಮಂತ್ರವಾದಿ, ಇನ್ನೊಂದು ಕಡೆ ವೈದ್ಯರು. ಎರಡೂ ಪ್ರಯತ್ನಗಳು ಜೊತೆಜೊತೆಗೇ ನಡೆದು ಮಗುವನ್ನು ಉಳಿಸಿದ್ದು ಯಾವುದೆಂದು ಓದುಗನಿಗೆ ಬಿಡುವ ಆ ಕಟ್ಟು ಗಟ್ಟಿಯಾದದ್ದು. ಅದರ ನೆರಳಲ್ಲಿ ಬಂದ ಅನುಕರಣೆಗಳು ನಿಂಬೆಹಣ್ಣು, ಕುಂಕುಮ ಮಾತ್ರ ಎತ್ತಿಕೊಂಡು ಆ ಅನುಮಾನವನ್ನು ಕೈಬಿಟ್ಟವು.

ಜನಪ್ರಿಯ ಸಾಹಿತ್ಯಕ್ಕೂ ಗಂಭೀರ ಸಾಹಿತ್ಯಕ್ಕೂ ನಡುವಿನ ಗೋಡೆ ಒಡೆದವರು ಪೂರ್ಣಚಂದ್ರ ತೇಜಸ್ವಿ. 1980ರ ‘ಕರ್ವಾಲೊ’ದಲ್ಲಿ ಒಂದು ಹಾರುವ ಓತಿಯ ಬೆನ್ನುಹತ್ತಿದ ಓದುಗ ಕೊನೆಯ ಪುಟದವರೆಗೂ ಪುಸ್ತಕ ಕೆಳಗಿಡುವುದಿಲ್ಲ. ‘ಚಿದಂಬರ ರಹಸ್ಯ’ ಪತ್ತೇದಾರಿಯ ವೇಷದಲ್ಲೇ ಬಂದು ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ‘ಜುಗಾರಿ ಕ್ರಾಸ್’ನಲ್ಲಿ ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ದಂಪತಿಯನ್ನು ಕಳ್ಳಸಾಗಣೆಯ ಜಾಲ ಸುತ್ತಿಕೊಳ್ಳುವುದು ಒಂದೇ ದಿನದ ಅವಧಿಯಲ್ಲಿ. ಇಷ್ಟು ಬಿಗಿಯಾದ ರೋಚಕ ಕಾದಂಬರಿ ಕನ್ನಡದಲ್ಲಿ ಇನ್ನೊಂದಿಲ್ಲ ಎಂದು ನಾನು ಹೇಳುತ್ತೇನೆ. ಒಪ್ಪದವರು ಇನ್ನೊಂದನ್ನು ತೋರಿಸಲಿ. ಆದರೆ ನಮ್ಮ ವಿಮರ್ಶೆ ಅದರ ಪರಿಸರ, ರಾಜಕಾರಣಗಳನ್ನು ಕುರಿತು ಬರೆದಷ್ಟು ಅದರ ಓಟದ ಬಗ್ಗೆ ಬರೆದಿಲ್ಲ. ಕುತೂಹಲವನ್ನು ಹೇಗೆ ಕಟ್ಟಿದರು ಎಂದು ಕೇಳುವುದು ಇನ್ನೂ ನಾಚಿಕೆಯ ವಿಷಯವಾಗಿಯೇ ಉಳಿದಿದೆ.

ಈಚೆಗೆ ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯ ಇತಿಹಾಸದ ಒಗಟುಗಳನ್ನೇ ರೋಚಕ ಕಾದಂಬರಿಯಾಗಿಸಿದ್ದಾರೆ. ಹೊಯ್ಸಳ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದಂತೆ ಕಾಣುವ ವಸ್ತುವನ್ನು ಹಿಡಿದು ‘ಕನಕ ಮುಸುಕು’ ಬರೆದರು. ಅಮೆರಿಕದ ಬೆಳೆ ಕೊಲಂಬಸನಿಗಿಂತ ಮೊದಲೇ ಇಲ್ಲಿಗೆ ಹೇಗೆ ಬಂತು ಎಂಬ ಪ್ರಶ್ನೆ ಸಾಕಷ್ಟು ರೋಮಾಂಚಕ. ಅಡಿಟಿಪ್ಪಣಿಗಳು ನಂಬಿಕೆ ಹುಟ್ಟಿಸುತ್ತವೆ, ಓಟಕ್ಕೆ ಅಲ್ಲಲ್ಲಿ ಅಡ್ಡಗಾಲು ಹಾಕುತ್ತವೆ ಕೂಡ. ಪಾತ್ರಗಳು ಮಾತಾಡುವ ಬದಲು ಉಪನ್ಯಾಸ ಮಾಡುವ ಕಡೆ ನಾನು ಪುಟ ಹಾರಿಸಿದ್ದೇನೆ.

ಈಗ ಫೋನಿನಲ್ಲಿ ಕಂತು ಕಂತಾಗಿ ಓದುವ ಹೊಸ ಪೀಳಿಗೆಯಿದೆ. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ಪ್ರತಿಲಿಪಿ’ ಜಾಲತಾಣದಲ್ಲಿ ಪ್ರೇಮ, ದೆವ್ವ, ಕೊಲೆ ಎಲ್ಲಕ್ಕೂ ಕನ್ನಡದ ಓದುಗರಿದ್ದಾರೆ, ಲೇಖಕರೂ ಇದ್ದಾರೆ. ಅಂಚಿನ ಪೆನ್ಸಿಲ್ ಬರಹದ ಜಾಗಕ್ಕೆ ನಕ್ಷತ್ರಗಳು ಬಂದಿವೆ. ‘ಸೂಪರ್’ ಎಂದರೂ ಐದು, ‘ಮುಂದಿನ ಕಂತು ಬೇಗ ಹಾಕಿ’ ಎಂದರೂ ಐದು. ಇದರಿಂದ ಬರೆಯುವವರು ಕಲಿಯುವುದು ಏನೂ ಇಲ್ಲ. ಪ್ರೇಮಿಗಳ ನಡುವಿನ ಅಡ್ಡಿ ನಿಜವಾದದ್ದೇ, ಕೊಲೆಗಾರನ ಸುಳಿವು ಮೊದಲೇ ನಮ್ಮ ಕಣ್ಣೆದುರು ಇತ್ತೇ, ಮಾಯಾಲೋಕ ತಾನೇ ಹಾಕಿಕೊಂಡ ಕಟ್ಟಳೆಯನ್ನು ನಡುವೆ ಮುರಿಯಿತೇ ಎಂದು ಯಾರಾದರೂ ನಾಲ್ಕು ಸಾಲು ಬರೆದರೆ ಅದು ಕಲಿಸುತ್ತದೆ.

ಇನ್ನೊಂದು ಕೆಲಸ ತುರ್ತಿನದು. ಸರ್ಕ್ಯುಲೇಟಿಂಗ್ ಲೈಬ್ರರಿಗಳು ಒಂದೊಂದಾಗಿ ಮುಚ್ಚಿ ಅವುಗಳ ಪುಸ್ತಕಗಳು ತೂಕಕ್ಕೆ ಹೋದವು. ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜಿ ಹೊಲಿದಿಟ್ಟ ಧಾರಾವಾಹಿಗಳೋ, ರಟ್ಟು ಕಿತ್ತ ಪತ್ತೇದಾರಿ ಕಾದಂಬರಿಗಳೋ ಇದ್ದರೆ ರದ್ದಿಯವರಿಗೆ ಕೊಡುವ ಮುನ್ನ ಹತ್ತಿರದ ವಿಶ್ವವಿದ್ಯಾಲಯದ ಕನ್ನಡ ವಿಭಾಗವನ್ನೋ ಗ್ರಂಥಾಲಯವನ್ನೋ ಒಮ್ಮೆ ವಿಚಾರಿಸಿ. ಅಂಚಿನಲ್ಲಿ ಗೀಚು ಇದ್ದರೆ ದಯವಿಟ್ಟು ಅಳಿಸಬೇಡಿ.