ತಗಡಿನ ಕಟ್ಟಡಗಳಲ್ಲಿ ಬಾಗಿಲು ಕಿಟಕಿಗಳ ಯೋಜನೆ

ಹುಲ್ಲು ಮತ್ತು ಹೆಂಚಿನ ಮಾಡಿಗೆ ಬದಲಾಗಿ ಉಕ್ಕಿನ ಚೌಕಟ್ಟನ್ನು ನಿಲ್ಲಿಸಿ, ಅದಕ್ಕೆ ತಗಡನ್ನು ಹೊದಿಸಿ ಕೊಟ್ಟಿಗೆ, ಉಗ್ರಾಣ, ರೇಷ್ಮೆಹುಳುಮನೆ ಮೊದಲಾದುವನ್ನು ಕಟ್ಟಿಸುವ ರೂಢಿಯು ಈಗ ನಮ್ಮ ರೈತರಲ್ಲಿ ಸಾಮಾನ್ಯವಾಗಿದೆ. ಕೆಲಸವು ಬೇಗ ಮುಗಿಯುತ್ತದೆ, ಗೆದ್ದಲಿನ ಭಯವಿಲ್ಲ. ಆದರೆ ಬಾಗಿಲು ಕಿಟಕಿಗಳ ವಿಚಾರವನ್ನು ಮಾತ್ರ ಬಹುಮಂದಿ ಕಟ್ಟಡವು ನಿಂತಮೇಲೆ ಯೋಚಿಸುತ್ತಾರೆ. ಮಣ್ಣಿನ ಅಥವಾ ಇಟ್ಟಿಗೆಯ ಗೋಡೆಯನ್ನು ಬೇಕಾದಲ್ಲಿ ಒಡೆದು ಕಿಟಕಿಯನ್ನಿಟ್ಟು ಅಭ್ಯಾಸವಾದವರಿಗೆ ಇದು ಸಹಜವೇ ಸರಿ. ತಗಡಿನ ಕಟ್ಟಡದಲ್ಲಿ ಹಾಗೆ ಮಾಡುವುದು ಅಪಾಯಕರ.

ಕಾರಣವೇನೆಂದರೆ, ಇಟ್ಟಿಗೆಯ ಗೋಡೆಯು ತಾನೇ ಭಾರವನ್ನು ಹೊರುತ್ತದೆ, ತಗಡು ಹೊರುವುದಿಲ್ಲ. ಭಾರವನ್ನು ಹೊರುವುವು ಕಂಬಗಳು. ಕಂಬದಿಂದ ಕಂಬಕ್ಕೆ ಹಾಯ್ದ ಅಡ್ಡಪಟ್ಟಿಗಳು ತಗಡನ್ನು ಹಿಡಿದಿರುತ್ತವೆ. ಕಂಬಗಳ ಸಾಲು ಗಾಳಿಗೆ ಓಲದಂತೆ ಒಂದೆರಡು ಅಂಕಣಗಳಲ್ಲಿ ಗುಣಾಕಾರದ ಚಿಹ್ನೆಯಂತೆ ಓರೆಸರಳುಗಳನ್ನು ಬಿಗಿದಿರುತ್ತಾರೆ. ಆಮೇಲೆ ಬಾಗಿಲು ಬೇಕೆಂದು ತಗಡನ್ನು ಕತ್ತರಿಸಿದರೆ ಅಡ್ಡಪಟ್ಟಿಯೂ ಕತ್ತರಿಸಿಹೋಗುತ್ತದೆ. ಓರೆಸರಳು ಅಡ್ಡ ಬಂದಿತೆಂದು ಅದನ್ನು ಬಿಚ್ಚಿದರಂತೂ ಆ ಪಾರ್ಶ್ವದ ಗೋಡೆಯೆಲ್ಲ ಬಲಗುಂದುತ್ತದೆ. ಆದುದರಿಂದ ಉಕ್ಕಿಗೆ ಬೇಡಿಕೆ ಕೊಡುವುದಕ್ಕೆ ಮುಂಚೆಯೇ ಪ್ರತಿಯೊಂದು ಬಾಗಿಲಿನ ಸ್ಥಳವನ್ನೂ ಅಳತೆಯನ್ನೂ ನಕ್ಷೆಯಲ್ಲಿ ಗುರುತಿಸತಕ್ಕದ್ದು. ಓರೆಸರಳಿನ ಅಂಕಣ ಬೇರೆ, ಬಾಗಿಲಿನ ಅಂಕಣ ಬೇರೆ ಎಂದಿರಬೇಕು. ಸರಳು ಕಿಟಕಿಯ ಮುಂದೆ ಹಾಯ್ದರೆ ಅಷ್ಟೇನೂ ಬಾಧಕವಿಲ್ಲ.

ಬಾಗಿಲಿನ ಎರಡು ಪಕ್ಕಗಳಲ್ಲಿಯೂ ನೆಲದಿಂದ ಮೇಲಿನ ತೊಲೆಯವರೆಗೆ ಪ್ರತ್ಯೇಕವಾದ ನಿಲುವುಕಂಬಗಳಿರಬೇಕು. ಕತ್ತರಿಸಿದ ಅಡ್ಡಪಟ್ಟಿಗಳ ತುದಿಗಳನ್ನು ಇವುಗಳಿಗೇ ಬಿಗಿಯುವುದು. ಬಾಗಿಲಕಂಬವೆಂದರೆ ನಮ್ಮ ಹಿರಿಯರಿಗೆ ಅಲ್ಪವಸ್ತುವಾಗಿರಲಿಲ್ಲ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ 1270ರ ಶಾಸನವೊಂದು ಅಳಗಿಯಾರ್ ಎಂಬಾತನು ಎರಡು ಬಾಗಿಲಕಂಬಗಳನ್ನು ದಾನಮಾಡಿದುದನ್ನೇ ಕಲ್ಲಿನಲ್ಲಿ ಬರೆದಿಟ್ಟಿದೆ.

ದೊಮ್ಮಲೂರು ಇಂದು ನಗರದ ಒಳಭಾಗವಾಗಿದ್ದರೂ ಅಲ್ಲಿನ ಬಿಸಿಲು ಗಾಳಿಗಳು ವರ್ತೂರು, ಕೃಷ್ಣರಾಜಪುರ, ಹೊಸಕೋಟೆಗಳ ಬಿಸಿಲು ಗಾಳಿಗಳಿಗಿಂತ ಹೆಚ್ಚು ಬೇರೆಯಲ್ಲ. ಆದಕಾರಣ ಆ ಸ್ಥಳವನ್ನೇ ಲೆಕ್ಕಕ್ಕೆ ಹಿಡಿಯೋಣ. ಅದು ಉತ್ತರ ಅಕ್ಷಾಂಶ ಸುಮಾರು 13 ಡಿಗ್ರಿಯಲ್ಲಿದೆ. ಏಪ್ರಿಲ್ 24ರ ಸುಮಾರಿಗೆ ಸೂರ್ಯನು ಮಧ್ಯಾಹ್ನ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ಉತ್ತರಕ್ಕೆ ವಾಲಿರುತ್ತಾನೆ. ಉಳಿದ ಕಾಲವೆಲ್ಲ ದಕ್ಷಿಣಕ್ಕೆ. ಬೆಂಗಳೂರಿನಲ್ಲಿ 39.2 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ದಾಖಲೆಯಾದುದು 2016ರ ಏಪ್ರಿಲ್ 24ರಂದು, ಅಂದರೆ ಸೂರ್ಯನು ನೆತ್ತಿಗೆ ಬರುವ ದಿನಗಳಲ್ಲಿಯೇ. ಮಿಶ್ರತಳಿಯ ಹಸುಗಳು 25–26 ಡಿಗ್ರಿ ದಾಟುತ್ತಲೇ ಬೇಸರಗೊಂಡು ಮೇವನ್ನು ಕಡಮೆಮಾಡುತ್ತವೆ, ಹಾಲೂ ಇಳಿಯುತ್ತದೆ. ಕಾದ ತಗಡಿನ ಕೆಳಗೆ ಗಾಳಿಯಾಡದ ಕೊಟ್ಟಿಗೆಯಲ್ಲಿ ಅವುಗಳ ಪಾಡೇನೆಂಬುದನ್ನು ವಾಚಕರೇ ಊಹಿಸಬಹುದು.

ಬೆಳಗಿನ ಮತ್ತು ಸಂಜೆಯ ಇಳಿಬಿಸಿಲು ಸೂರಿನ ಕೆಳಗೆ ನುಗ್ಗಿ ಬರುತ್ತದೆ; ಅದನ್ನು ತಡೆಯುವುದು ಕಷ್ಟ. ಈ ಕಾರಣದಿಂದ ಕಟ್ಟಡದ ಉದ್ದವು ಪೂರ್ವ ಪಶ್ಚಿಮವಾಗಿರಬೇಕೆಂದೂ, ಕಿಟಕಿಗಳು ಉತ್ತರ ದಕ್ಷಿಣದ ಉದ್ದಗೋಡೆಗಳಲ್ಲಿರಬೇಕೆಂದೂ ಹೇಳುವರು. ದಕ್ಷಿಣದಲ್ಲಿ 3 ಅಡಿ ಚಾಚಿದ ಸೂರು ಡಿಸೆಂಬರ್ ತಿಂಗಳ ನಡುಹಗಲಿನಲ್ಲಿ ಗೋಡೆಯ ಮೇಲೆ ಸುಮಾರು 4 ಅಡಿ ನೆರಳನ್ನು ಕೊಡುತ್ತದೆ. ಬೇಸಗೆಯಲ್ಲಿ ಪೂರ್ತಿ ಗೋಡೆಗೇ ನೆರಳು. ಇಷ್ಟು ಸರಿಯೇ. ಆದರೆ ಇಲ್ಲೊಂದು ತೊಡಕಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿಯು ಪಶ್ಚಿಮ ಮತ್ತು ನೈಋತ್ಯದಿಂದ ಬೀಸುತ್ತದೆ; ಚಳಿಗಾಲದಲ್ಲಿ ಪೂರ್ವ ಮತ್ತು ಈಶಾನ್ಯದಿಂದ. ನೇರವಾಗಿ ಪೂರ್ವ ಪಶ್ಚಿಮಕ್ಕೆ ಚಾಚಿದ ಕಟ್ಟಡದ ಕಿಟಕಿಗಳನ್ನು ಈ ಗಾಳಿಯು ಒಳಹೊಗದೆ ಸವರಿಕೊಂಡು ಹೋಗುವ ಸಂಭವವುಂಟು. ಬಿಸಿಲಿಗೆ ಒಪ್ಪುವುದು ಗಾಳಿಗೆ ಒಪ್ಪದು.

ಇದಕ್ಕೆ ಸುಲಭವಾದ ಪರಿಹಾರವೊಂದಿದೆ. ಕಟ್ಟಡದ ಪಶ್ಚಿಮದ ತುದಿಯನ್ನು ಉತ್ತರದ ಕಡೆಗೆ 15–20 ಡಿಗ್ರಿಗಳಷ್ಟು ತಿರುಗಿಸತಕ್ಕದ್ದು. ಆಗ ದಕ್ಷಿಣದ ಗೋಡೆಯು ಸ್ವಲ್ಪ ನೈಋತ್ಯಕ್ಕೂ ಉತ್ತರದ ಗೋಡೆಯು ಸ್ವಲ್ಪ ಈಶಾನ್ಯಕ್ಕೂ ಮುಖಮಾಡುವುವು. ಮುಂಗಾರಿನ ಗಾಳಿ ಒಂದು ಗೋಡೆಯಿಂದ, ಚಳಿಗಾಲದ ಗಾಳಿ ಇನ್ನೊಂದರಿಂದ ಓರೆಯಾಗಿ ಒಳಕ್ಕೆ ಬರುತ್ತದೆ. ಬೇಸಗೆಯ ಸಂಜೆಬಿಸಿಲು ಪಶ್ಚಿಮದ ಕಿರುಗೋಡೆಗೇ ಮುಖ್ಯವಾಗಿ ತಗಲುವುದರಿಂದ ಅಲ್ಲಿ ಕಿಟಕಿಯನ್ನು ಇಡದಿದ್ದರಾಯಿತು. ಈಶಾನ್ಯದ ಕಡೆಯಿಂದ ಬೆಳಗಿನ ಎಳೆಬಿಸಿಲು ಒಂದಿಷ್ಟು ಒಳಬರುವುದು ನಿಜ. ಅದು ನೆಲವನ್ನು ಒಣಗಿಸುವುದರಿಂದ ಉಪಕಾರವೆಂದೇ ಎಣಿಸಬಹುದು.

ಈಗ ಬಾಗಿಲಿಗೆ ಬರೋಣ. 60 ಅಡಿ ಉದ್ದ, 30 ಅಡಿ ಅಗಲ, 20 ಅಡಿಯ ಮೂರು ಅಂಕಣಗಳು, 16 ಅಡಿ ಎತ್ತರದ ಸೂರು ಇರುವ ಕಟ್ಟಡವನ್ನು ತೆಗೆದುಕೊಳ್ಳಿ. ಸಂಜೆಯ ಬಿಸಿಲು ತಗಲುವ ಪಶ್ಚಿಮದ ಅಂಕಣದಲ್ಲಿ ಹುಲ್ಲು ಮತ್ತು ಧಾನ್ಯ, ಮಿಕ್ಕೆರಡರಲ್ಲಿ ದನಗಳು. ಹುಲ್ಲು ಬಿಸಿಲಿಗೆ ತಡೆಯೂ ಆಗುತ್ತದೆ. ಹುಲ್ಲಿನ ಹೆಬ್ಬಾಗಿಲನ್ನು ಪೂರ್ವದ ಕಿರುಗೋಡೆಯಲ್ಲಿಟ್ಟರೆ ಟ್ರ್ಯಾಕ್ಟರು ದನಗಳ ನಡುವೆ ಹಾಯ್ದುಹೋಗಬೇಕಾಗುತ್ತದೆ. ಆದ್ದರಿಂದ ಅದು ಪಶ್ಚಿಮದ ಅಂಕಣದ ಉತ್ತರಗೋಡೆಯಲ್ಲಿರುವುದೇ ಲೇಸು. ಮುಂಗಾರಿನ ಎರಚಲು ಅಲ್ಲಿಗೆ ಬರುವುದಿಲ್ಲ. ಸೂರಿನ ನೀರು ಬಾಗಿಲ ಮುಂದೆ ಸುರಿಯದಂತೆ ದೋಣಿಯನ್ನು ಕಟ್ಟಿಸಬೇಕು. ಓರೆಸರಳುಗಳು ನಡುವಣ ಅಂಕಣಕ್ಕೆ ಹೋಗಲಿ. ಸರಕು ಲಾರಿಗೆ ಕಾನೂನು ವಿಧಿಸಿರುವ ಅಗಲ 2.6 ಮೀಟರು, ಎತ್ತರ 4 ಮೀಟರು. ಹುಲ್ಲು ತುಂಬಿದ ಗಾಡಿಯೂ ಹೆಚ್ಚುಕಡಮೆ ಅಷ್ಟೇ ಆಗುತ್ತದೆ. ಆದಕಾರಣ 12 ಅಡಿ ಅಗಲ, 14 ಅಡಿ ಎತ್ತರದ ಬಾಗಿಲು ಬೇಕು. ಇದರ ಪಕ್ಕದಲ್ಲಿಯೇ 3 ಅಡಿಯ ಆಳುಬಾಗಿಲೊಂದಿದ್ದರೆ ಹೆಬ್ಬಾಗಿಲನ್ನು ಮೇಲಿಂದ ಮೇಲೆ ತೆರೆಯುವ ಕಾರಣವಿರದು.

ರೋಲಿಂಗ್ ಷಟರಿಗೆ ಬಾಗಿಲಿನ ಮೇಲೆ ಒಂದೂವರೆ ಅಡಿಯಾದರೂ ಸ್ಥಳ ಬೇಕು. ದನಗಳಿರುವ ಕಡೆ ಅದು ಯೋಗ್ಯವಲ್ಲ. ಅದರ ಗದ್ದಲಕ್ಕೆ ಹಸುಗಳು ಬೆದರುತ್ತವೆ, ಪಕ್ಕದ ಗಾಡಿಯಲ್ಲಿ ಸಗಣಿ ಸೇರಿ ಗಟ್ಟಿಯಾಗುತ್ತದೆ. ಪಕ್ಕಕ್ಕೆ ಸರಿಯುವ ಬಾಗಿಲಿಗೆ ತನ್ನ ಅಗಲದಷ್ಟೇ ಬರಿಗೋಡೆ ಬೇಕಾಗುತ್ತದೆಂಬುದನ್ನು ಮರೆಯಬಾರದು. ದೊಮ್ಮಲೂರಿನಿಂದ ಪೂರ್ವಕ್ಕೆ ಸಾಗುವ ಹಳೆಯ ವಿಮಾನನಿಲ್ದಾಣದ ರಸ್ತೆಯ ಕಡೆ 1940ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪಿತವಾಯಿತಷ್ಟೆ. ವಿಮಾನದ ಕೊಠಡಿಗಳಿಗೆ ಹಲವು ತುಂಡುಗಳಾಗಿ ಒಂದರ ಹಿಂದೊಂದು ಸರಿಯುವ ಬಾಗಿಲುಗಳನ್ನಿಡುವುದು ಈ ಸ್ಥಳದ ಅಭಾವವನ್ನು ನೀಗಿಸುವುದಕ್ಕೇ. ನಮ್ಮ ಹೆಬ್ಬಾಗಿಲನ್ನೂ ಎರಡು ಹಲಗೆಗಳಾಗಿ ಮಾಡಿ ಎಡಕ್ಕೊಂದು ಬಲಕ್ಕೊಂದು ಸರಿಸಬಹುದು. ಕೆಳಗಿನ ಅಂಚಿಗೂ ಕಂಬಿಯ ಹಿಡಿತವಿರಬೇಕು. ಇಲ್ಲವಾದರೆ ಗಾಳಿಗೆ ಬಾಗಿಲು ತೂಗಾಡುತ್ತದೆ.

ಬಾಗಿಲು ಭದ್ರವಾಗಿರಬೇಕೆಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವುಂಟು. ಏಪ್ರಿಲ್ ಮೇ ತಿಂಗಳುಗಳ ಗುಡುಗುಮಳೆಯ ಮುಂಚೆ ಬರುವ ಬಿರುಗಾಳಿಗೆ ದಿಕ್ಕು ನಿಯತವಾಗಿಲ್ಲ. ತೆರೆದ ಬಾಗಿಲಿನಿಂದ ಒಳಹೊಕ್ಕ ಗಾಳಿ ಹೊರಹೋಗಲು ದಾರಿ ಕಾಣದೆ ಮಾಡನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ; ಹೊರಗಿನ ಗಾಳಿ ಅದೇ ಮಾಡನ್ನು ಮೇಲಿನಿಂದ ಸೆಳೆಯುತ್ತಿರುತ್ತದೆ. ಭಾರತೀಯ ಮಾನಕದ ಪ್ರಕಾರ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರು. ಇದರ ಒತ್ತಡ ಚದರ ಮೀಟರಿಗೆ ಸುಮಾರು 66 ಕಿಲೋಗ್ರಾಂ. ಗೋಡೆಯಲ್ಲಿನ ತೆರಪು ನೂರಕ್ಕೆ 5ರ ಒಳಗಿದ್ದರೆ ಈ ಒತ್ತಡದ ಹತ್ತರಲ್ಲಿ ಎರಡು ಪಾಲನ್ನೂ, ನೂರಕ್ಕೆ 20ನ್ನು ಮೀರಿದರೆ ಏಳು ಪಾಲನ್ನೂ ಒಳಗಿನ ಒತ್ತಡವೆಂದು ಎಣಿಸಬೇಕು. ಅಂದರೆ ಬಾಗಿಲು ಮುಚ್ಚಿದ್ದಾಗ ಚದರ ಮೀಟರಿಗೆ 13 ಕಿಲೋಗ್ರಾಂ ಇದ್ದುದು ತೆರೆದಾಗ 46ಕ್ಕೆ ಏರುತ್ತದೆ. ಅರ್ಧ ಮಿಲಿಮೀಟರು ದಪ್ಪದ ತಗಡಿನ ತೂಕವಾದರೋ ಚದರ ಮೀಟರಿಗೆ 5 ಕಿಲೋಗ್ರಾಂ ಮಾತ್ರ! ಮಾಡು ಹಾರುವುದರಲ್ಲಿ ಆಶ್ಚರ್ಯವೇನಿದೆ? ನಮ್ಮ ಹುಲ್ಲಿನ ಅಂಕಣದಲ್ಲಿ ಬಾಗಿಲೇ ಆ ಗೋಡೆಯ ಅರ್ಧಕ್ಕಿಂತ ಹೆಚ್ಚಾಗಿದೆ. ಆದುದರಿಂದ ಮಾಡಿನ ಮೊಳೆ ಬೋಲ್ಟುಗಳನ್ನೂ ಕಂಬದ ಬುಡವನ್ನೂ ಬಾಗಿಲು ತೆರೆದಿರುವುದೆಂದೇ ಭಾವಿಸಿ ಲೆಕ್ಕಹಾಕುವಂತೆ ಇಂಜಿನಿಯರಿಗೆ ಮೊದಲೇ ತಿಳಿಸತಕ್ಕದ್ದು.

ದನಗಳ ಅಂಕಣಗಳಲ್ಲಿ ನೆಲದಿಂದ 3–4 ಅಡಿ ಕಲ್ಲು ಅಥವಾ ಇಟ್ಟಿಗೆಯ ಗೋಡೆ, ಅದರ ಮೇಲೆ 4 ಅಡಿ ತೆರಪು ಇರಲಿ. ಎರಚಲನ್ನು ತಡೆಯಲು ಮೇಲಿನ ಅಂಚಿನಲ್ಲಿ ತಿರುಗುಣಿಯಿರುವ ತಗಡಿನ ಕದಗಳನ್ನು ಹೊರಕ್ಕೆ ಎತ್ತಿ ನಿಲ್ಲಿಸುವಂತೆ ಮಾಡಿದರೆ ಅವೇ ಬಿಸಿಲಿಗೂ ಮರೆಯಾಗುತ್ತವೆ. ಪಕ್ಕದ ತೆರಪಷ್ಟೇ ಸಾಲದು. ಬಿಸಿಗಾಳಿ ಮೇಲಕ್ಕೇರುವುದರಿಂದ ಮಾಡಿನ ನೆತ್ತಿಯಲ್ಲಿಯೂ ದಾರಿ ಬೇಕು. ಕಟ್ಟಡದ ಪ್ರತಿ 10 ಅಡಿ ಅಗಲಕ್ಕೆ 2 ಅಂಗುಲದಂತೆ, 30 ಅಡಿಗೆ 6 ಅಂಗುಲದ ತೆರಪನ್ನು ನೆತ್ತಿಯ ಉದ್ದಕ್ಕೂ ಬಿಟ್ಟು, ಮೇಲೆ ಟೋಪಿತಗಡನ್ನು ಹೊದಿಸಬೇಕು. ಚಳಿಗಾಲದಲ್ಲಿ ಇದನ್ನು ಮುಚ್ಚುವವರುಂಟು, ಅದು ತಪ್ಪು. ದನಗಳ ಉಸಿರಿನ ತೇವವು ತಣ್ಣನೆಯ ತಗಡಿಗೆ ತಗಲಿ ಹನಿಯಾಗಿ ಅವುಗಳ ಮೈಮೇಲೆಯೇ ತೊಟ್ಟಿಕ್ಕುತ್ತದೆ. ಬೆಳಕಿಗಾಗಿ ಹಾಕುವ ಅರೆಪಾರದರ್ಶಕ ಹಾಳೆಗಳನ್ನು ಉತ್ತರದ ಇಳಿಜಾರಿನಲ್ಲಿ ಒಂದೆರಡಕ್ಕೆ ಮಿತಗೊಳಿಸುವುದು. ಅವು ಸೆಕೆಯನ್ನೂ ತರುತ್ತವೆ, ಮಾಡು ಹತ್ತಿದವನ ಕಾಲಿಗೆ ಒಡೆಯುತ್ತವೆ.

ಧಾನ್ಯವಿರುವ ಅಂಕಣಕ್ಕೆ ನಿಯಮವೇ ಬೇರೆ. ಅಲ್ಲಿ ಗವಾಕ್ಷಿಗಳು ಸಣ್ಣವಾಗಿದ್ದು ಬಿಗಿಯಾಗಿ ಮುಚ್ಚುವಂತಿರಬೇಕು. ಒಣಹವೆಯಲ್ಲಿ ತೆರೆದು ಮಳೆಯಲ್ಲಿ ಮುಚ್ಚುವುದು. ಕಾಲಂಗುಲದ ಕಣ್ಣಿನ ಕಬ್ಬಿಣದ ಬಲೆಗಿಂತ ದೊಡ್ಡ ಕಣ್ಣಿನದು ಬೇಡ, ಚಿಟ್ಟಿಲಿಯು ನುಸುಳುತ್ತದೆ. ಹೊಸ್ತಿಲಿನ ಕೆಳಗೂ ಬಾಗಿಲಿನ ಮೂಲೆಗಳಲ್ಲಿಯೂ, ತಗಡಿನ ಅಲೆಗಳು ಗೋಡೆಯನ್ನು ಮುಟ್ಟುವಲ್ಲಿಯೂ ಉಳಿದ ಸಂದುಗಳನ್ನು ಸಿಮೆಂಟಿನಿಂದ ತುಂಬಿಸತಕ್ಕದ್ದು. ಅದೇ ಕಟ್ಟಡವನ್ನು ರೇಷ್ಮೆಹುಳುಮನೆಯಾಗಿ ಉಪಯೋಗಿಸುವವರು 1980ರಿಂದ ಈ ಸೀಮೆಯಲ್ಲಿ ಕಾಡುತ್ತಿರುವ ಊಜಿ ನೊಣಕ್ಕಾಗಿ ಪ್ರತಿಯೊಂದು ಕಿಟಕಿಗೂ ನೆತ್ತಿಯ ತೆರಪಿಗೂ ಸಣ್ಣ ಕಣ್ಣಿನ ನೈಲಾನ್ ಬಲೆಯನ್ನು ಹಾಕಿಸಿ, ಬಾಗಿಲಿನ ಒಳಗೆ ಇನ್ನೊಂದು ಬಾಗಿಲುಳ್ಳ ಚಿಕ್ಕ ಮುಂಗೋಣೆಯನ್ನು ಕಟ್ಟಿಸಬೇಕು. ಬಲೆಯು ಗಾಳಿಯನ್ನು ಬಹುಮಟ್ಟಿಗೆ ತಡೆಯುವುದರಿಂದ ಅಂಥ ಮನೆಗೆ ಕಿಟಕಿಗಳನ್ನು ಮೊದಲೇ ದೊಡ್ಡದಾಗಿ ಗೊತ್ತುಮಾಡಿಕೊಳ್ಳಬೇಕಾಗುತ್ತದೆ.